ಗರ್ಭಕೊರಳಿನ ಕ್ಯಾನ್ಸರ್: ವಂಶದ ಪಾಲು ಎಷ್ಟು ತೂಕ?

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಕಪಿಲೆ ಕಾವೇರಿಯನ್ನು ಕೂಡುವ ಈ ಜಾಗ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಪುಣ್ಯದ್ದು ಎಂಬುದು ಆ ಕಡೆಯವರ ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ ಅದು. ತಕ್ಕಡಿ ಸಮನಾಗಿ ನಿಂತಿದ್ದರೆ ಮಾತ್ರ ಅದರ ಭಾರ ಗೊತ್ತಾಗುತ್ತದೆ. ಒಂದು ತಟ್ಟೆಗೆ ಸೇರಿನ ಬಟ್ಟು ಬಿದ್ದರೆ ಗುಲಗಂಜಿ ಯಾವ ಕಡೆ ಇದೆ ಎಂದು ಯಾರೂ ನೋಡುವುದಿಲ್ಲ.

ನರಸೀಪುರ, ನಂಜನಗೂಡು ಕಡೆಯ ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಯ ಹತ್ತಿರ ದನಿ ತಗ್ಗಿಸಿ ಕೇಳಬಹುದಾದ ಪ್ರಶ್ನೆಯೊಂದಿದೆ: "ನಮ್ಮವ್ವಂಗೆ ಬಂದಿತ್ತು, ನಂಗೂ ಬತ್ತದಾ?" ಗರ್ಭಕೋಶದ ಬಾಯಿಗೆ, ಅಂದರೆ ಗರ್ಭಕೊರಳಿಗೆ ಬರುವ ಕ್ಯಾನ್ಸರ್ ಕುರಿತ ಪ್ರಶ್ನೆ ಇದು. ಇದರೊಳಗೆ ಭಯವಿದೆ, ನಾಚಿಕೆಯಿದೆ, ಮಗಳ ಮದುವೆಯ ಚಿಂತೆಯೂ ಇದೆ. ಇದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ಆ ಗುಲಗಂಜಿಯನ್ನು ನೆನಪಿಟ್ಟುಕೊಳ್ಳಬೇಕು.

ಮೊದಲು ಸೇರಿನ ಬಟ್ಟು ಯಾವುದೆಂದು ನೋಡೋಣ. ಈ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಎಂಬ ವೈರಸ್. ಅದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಇದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಅಪಾಯದವು ಮುಖ್ಯವಾಗಿ 16 ಮತ್ತು 18. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ಎಂದ ಕೂಡಲೇ ಜನ ನಡತೆಯ ಮಾತೆತ್ತುತ್ತಾರೆ. ಅದು ಬಹಳ ದೊಡ್ಡ ಅನ್ಯಾಯ. ಮದುವೆಯಾಗಿ ಗಂಡನೊಬ್ಬನನ್ನೇ ಕಂಡ ಹೆಣ್ಣುಮಕ್ಕಳೂ ಸೇರಿ ಬಹುಪಾಲು ಎಲ್ಲರಿಗೂ ಬದುಕಿನ ಯಾವುದೋ ಹೊತ್ತಿನಲ್ಲಿ ಇದು ತಗಲುತ್ತದೆ. ಹತ್ತರಲ್ಲಿ ಒಂಬತ್ತು ಸಲ ಎರಡು ವರ್ಷದೊಳಗೆ ಯಾವ ಔಷಧಿಯೂ ಇಲ್ಲದೆ, ತಗಲಿದ್ದೇ ತಿಳಿಯದಂತೆ, ದೇಹವೇ ಅದನ್ನು ಕಳೆದುಕೊಳ್ಳುತ್ತದೆ.

ಉಳಿದ ಕೆಲವರಲ್ಲಿ ಅದು ಏಕೆ ಬೇರೂರಿ ನಿಲ್ಲುತ್ತದೆ? ವಂಶದ ಮಾತು ಬರುವುದು ಇಲ್ಲಿ.

ನಮ್ಮ ದೇಹದ ಪ್ರತಿ ಜೀವಕೋಶವನ್ನೂ ಜಗಲಿಯಿರುವ ಮನೆ ಎಂದುಕೊಳ್ಳಿ. ಒಳಗೆ ಏನೇನು ತಯಾರಾಗುತ್ತಿದೆಯೋ ಅದರ ಚೂರುಗಳನ್ನು ತಟ್ಟೆಯಲ್ಲಿಟ್ಟು ಜಗಲಿಗೆ ತಂದಿಡುವುದು ಕೋಶದ ಪದ್ಧತಿ. ಬೀದಿಯಲ್ಲಿ ತಳವಾರರಂತೆ ತಿರುಗುವ ಟಿ ಕೋಶಗಳು ತಟ್ಟೆಯನ್ನು ನೋಡುತ್ತಾ ಹೋಗುತ್ತವೆ. ಮನೆಯದೇ ಅಡುಗೆಯಾದರೆ ಸುಮ್ಮನೆ ಮುಂದೆ ಹೋಗುತ್ತವೆ; ವೈರಸ್ಸಿನ ಚೂರು ಕಂಡರೆ ಆ ಮನೆಯನ್ನೇ ಮುಗಿಸುತ್ತವೆ. ಈ ತಟ್ಟೆಗಳ ಹೆಸರೇ ಎಚ್‌ಎಲ್‌ಎ. ಮೂತ್ರಪಿಂಡ ಕಸಿ ಮಾಡುವಾಗ ದಾನಿಗೂ ರೋಗಿಗೂ ಹೊಂದುತ್ತದೆಯೇ ಎಂದು ನೋಡುವುದು ಇದನ್ನೇ.

ಇಡ್ಲಿ ತಟ್ಟೆಯ ಹಾಗೆ ಇದಕ್ಕೂ ಗುಳಿಗಳಿವೆ. ಗುಳಿಯ ಆಕಾರಕ್ಕೆ ಒಪ್ಪುವ ಚೂರು ಮಾತ್ರ ಅದರಲ್ಲಿ ಕೂರುತ್ತದೆ. ಆ ಆಕಾರ ಒಬ್ಬರಿಂದೊಬ್ಬರಿಗೆ ಬೇರೆ, ಏಕೆಂದರೆ ಮನುಷ್ಯನ ಜೀನ್‌ಗಳಲ್ಲಿ ಎಚ್‌ಎಲ್‌ಎಯಷ್ಟು ಬಗೆಬಗೆಯಾದವು ಇನ್ನಿಲ್ಲ. ಒಬ್ಬಳ ತಟ್ಟೆಯಲ್ಲಿ ಎಚ್‌ಪಿವಿಯ ಚೂರು ಗಟ್ಟಿಯಾಗಿ ಕೂತು ಎದ್ದು ಕಾಣುತ್ತದೆ. ಇನ್ನೊಬ್ಬಳದರಲ್ಲಿ ಸಡಿಲವಾಗಿ ಕೂತು ಜಾರಿಬಿಡುತ್ತದೆ. ತಳವಾರ ಎದುರಿಗೇ ಬಂದರೂ ನೋಡಲು ಏನೂ ಇರುವುದಿಲ್ಲ. ಡಿಆರ್‌ಬಿ1*13 ಎಂಬ ಬಗೆ ಇರುವವರಿಗೆ ರಕ್ಷಣೆ ತುಸು ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ.

ವೈರಸ್ಸೂ ಸುಮ್ಮನಿರುವುದಿಲ್ಲ. ಅದರ ಇ5 ಎಂಬ ಪ್ರೋಟೀನು ತಟ್ಟೆಗಳು ಜಗಲಿಗೆ ಬರದಂತೆ ಒಳಗೇ ತಡೆಯುತ್ತದೆ. ಇ6 ಮತ್ತು ಇ7 ಸೇರಿ ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಎರಡು ಪ್ರೋಟೀನುಗಳನ್ನು ಕೆಡಿಸುತ್ತವೆ. ಮೇಲಾಗಿ ಎಚ್‌ಪಿವಿ ರಕ್ತಕ್ಕೆ ಇಳಿಯುವುದೇ ಇಲ್ಲ, ಗರ್ಭಕೊರಳಿನ ಹೊರಪದರದಲ್ಲೇ ಅಡಗಿರುತ್ತದೆ. ಜ್ವರವಿಲ್ಲ, ನೋವಿಲ್ಲ.

ಜಗಲಿಯಲ್ಲಿ ತಟ್ಟೆಯೇ ಇಲ್ಲವಲ್ಲ ಎಂದು ಅನುಮಾನಪಡುವ ಇನ್ನೊಂದು ಕಾವಲು ಪಡೆ ಇದೆ, ಎನ್‌ಕೆ ಕೋಶಗಳು. ಕಷ್ಟಕ್ಕೆ ಸಿಕ್ಕ ಜೀವಕೋಶ 'ಮೈಕಾ' ಎಂಬ ಪ್ರೋಟೀನನ್ನು ಕೆಂಪು ಬಾವುಟದಂತೆ ಹೊರಗೆ ಹಾಕಿ ಇವನ್ನು ಕರೆಯುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಬಾವುಟದ ಬುಡ ಮೊಟಕಾಗಿರುತ್ತದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇಡೀ ಜೀನೋಮನ್ನು ಜಾಲಾಡಿದಾಗ ಎದ್ದು ಕಂಡ ಮೂರು ಜಾಗಗಳಲ್ಲಿ ಒಂದು ಈ ಮೈಕಾ ಜೀನಿನ ಬಳಿಯದು, ಉಳಿದೆರಡು ಎಚ್‌ಎಲ್‌ಎಯವು. ಮೂರೂ ಇರುವುದು ಆರನೇ ಕ್ರೋಮೋಸೋಮಿನ ಒಂದೇ ಓಣಿಯಲ್ಲಿ.

ಒಂದೇ ಓಣಿಯಲ್ಲಿರುವುದರಿಂದ ಇವು ಸಾಮಾನ್ಯವಾಗಿ ಒಂದು ಕಂತೆಯಾಗಿಯೇ ಮಕ್ಕಳಿಗೆ ಇಳಿಯುತ್ತವೆ. ತಾಯಿಯ ಎರಡು ಕಂತೆಗಳಲ್ಲಿ ಒಂದು, ತಂದೆಯ ಎರಡರಲ್ಲಿ ಒಂದು. ಹಾಗಾಗಿ ಅಕ್ಕತಂಗಿಯರಿಬ್ಬರಿಗೆ ಎರಡೂ ಕಂತೆಗಳು ಒಂದೇ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಅಕ್ಕನಿಗೆ ಬಂದದ್ದು ತಂಗಿಗೆ ಬಂದೇ ಬರುತ್ತದೆ ಎನ್ನಲು ಆಧಾರವಿಲ್ಲ.

ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವುದು ಹಳೆಯ ರೂಢಿಯಾದ್ದರಿಂದ ಇದನ್ನೂ ಹೇಳಬೇಕು. ಅಂಥ ಮದುವೆಯಲ್ಲಿ ಹುಟ್ಟಿದ ಮಗುವಿಗೆ ಒಬ್ಬ ಹಿರಿಯರ ಅದೇ ಕಂತೆ ಎರಡೂ ಕಡೆಯಿಂದ ಬರಬಹುದು. ಸೋದರಮಾವನ ಮದುವೆಯಲ್ಲಿ ಆ ಸಾಧ್ಯತೆ ಎಂಟರಲ್ಲಿ ಒಂದು, ಅತ್ತೆ ಅಥವಾ ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಆಗ ತಟ್ಟೆಯ ಬಗೆಗಳು ಕಡಿಮೆಯಾಗುತ್ತವೆ. ಅಷ್ಟರಿಂದಲೇ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ.

ಈಗ ತೂಕಕ್ಕೆ ಬರೋಣ. ಸ್ವೀಡನ್ನಿನವರು ಗುರುತಿಸಿದ ಒಂದೊಂದು ವ್ಯತ್ಯಾಸವೂ ಅಪಾಯವನ್ನು ಹೆಚ್ಚಿಸುವುದು ಒಂದೂವರೆ ಪಟ್ಟಿಗಿಂತ ಕಡಿಮೆ. ತಾಯಿಗೋ ಒಡಹುಟ್ಟಿದವಳಿಗೋ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಅದೇ ಎಚ್‌ಐವಿ ಇರುವ ಮಹಿಳೆಗೆ ಅಪಾಯ ಆರು ಪಟ್ಟು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಂಶದ ಪಾಲು ಗುಲಗಂಜಿಯಷ್ಟೇ ಎಂಬುದಕ್ಕೆ ಇನ್ನೂ ಬಲವಾದ ಸಾಕ್ಷಿ ಬೆಂಗಳೂರಿನಲ್ಲೇ ಇದೆ. ಕಿದ್ವಾಯಿ ಸಂಸ್ಥೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಇಟ್ಟುಕೊಂಡು ಬಂದಿದೆ. ಆಗ ಹೆಂಗಸರ ಕ್ಯಾನ್ಸರುಗಳಲ್ಲಿ ಮೊದಲನೆಯದಾಗಿದ್ದ ಗರ್ಭಕೊರಳಿನ ಕ್ಯಾನ್ಸರ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ಒಂದೆರಡು ತಲೆಮಾರಿನಲ್ಲಿ ಯಾರ ಜೀನೂ ಬದಲಾಗುವುದಿಲ್ಲ. ಬದಲಾದದ್ದು ಮದುವೆಯ ವಯಸ್ಸು, ಹೆರಿಗೆಗಳ ಸಂಖ್ಯೆ, ಶುಚಿತ್ವ, ಆಸ್ಪತ್ರೆಯ ದಾರಿ. ಆದರೂ 2022ರ ಅಂದಾಜಿನಂತೆ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗ ಬಂದಿದೆ, ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ. ತಡೆಯಬಹುದಾಗಿದ್ದ ಸಾವುಗಳು ಇವು. ಬರೆಯುವಾಗಲೂ ಕೈ ಭಾರವಾಗುತ್ತದೆ.

ಹಾಗಾದರೆ ಜೀನ್ ಪರೀಕ್ಷೆ ಮಾಡಿಸಬೇಕೇ? ಬೇಡ. ಸ್ತನ ಕ್ಯಾನ್ಸರಿನಲ್ಲಿ ಕೆಲವು ಕುಟುಂಬಗಳಿಗೆ ಅಂಥ ಪರೀಕ್ಷೆಯಿಂದ ಉಪಯೋಗವಿದೆ. ಗರ್ಭಕೊರಳಿನ ವಿಷಯದಲ್ಲಿ ಎಚ್‌ಎಲ್‌ಎ ತಿಳಿದರೂ ವೈದ್ಯರು ಕೊಡುವ ಸಲಹೆ ಬದಲಾಗುವುದಿಲ್ಲ. ಆ ದುಡ್ಡನ್ನು ಉಳಿಸಿ ಮಗಳಿಗೆ ಲಸಿಕೆ ಹಾಕಿಸಿ. 9ರಿಂದ 14 ವರ್ಷ ಅದಕ್ಕೆ ಒಳ್ಳೆಯ ವಯಸ್ಸು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 16, 18 ಎರಡನ್ನೂ ತಡೆಯುತ್ತದೆ. ಲಸಿಕೆ ಹಾಕಿಸಿಕೊಂಡ ಹುಡುಗಿಯರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಪ್ರತಿಕಾಯಗಳು ಹುಟ್ಟುತ್ತವೆ. ತಟ್ಟೆ ಯಾವ ಬಗೆಯದಾದರೂ ಸರಿ. ವೈರಸ್ ಕೋಶದ ಒಳಗೆ ಹೋಗುವ ಮೊದಲೇ ಅವು ಬಾಗಿಲಲ್ಲಿ ಹಿಡಿಯುತ್ತವೆ.

ಅಮ್ಮಂದಿರಿಗೆ ತಪಾಸಣೆ. ಸೋಂಕು ತಗಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ದೊಡ್ಡ ಬಿಡುವನ್ನು ಕೊಡುವ ಕ್ಯಾನ್ಸರ್ ಬೇರೆ ಹೆಚ್ಚಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಇದೆ. ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಂಥದ್ದನ್ನು ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜಾಗವಿದ್ದರೆ ಬೆಳ್ಳಗಾಗುತ್ತದೆ. ಕ್ಯಾನ್ಸರ್ ಆಗುವ ಮೊದಲೇ ಅಷ್ಟನ್ನು ಶಾಖದಿಂದಲೋ ಶೀತದಿಂದಲೋ ಸುಟ್ಟು ತೆಗೆಯಬಹುದು. ಹೆಚ್ಚಿನವರು ಅಂದೇ ಮನೆಗೆ ಹೋಗುತ್ತಾರೆ. ಇದಕ್ಕಿಂತ ಚುರುಕಾದದ್ದು ಎಚ್‌ಪಿವಿ ಪರೀಕ್ಷೆ. ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1.3 ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು: ಒಂದೇ ಒಂದು ಸಲ ಈ ಪರೀಕ್ಷೆಗೆ ಒಳಪಟ್ಟ ಗುಂಪಿನಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಪರೀಕ್ಷೆಗೆ ಬೇಕಾದ ಮಾದರಿಯನ್ನು ಹೆಂಗಸರು ತಾವೇ ಮರೆಯಲ್ಲಿ ತೆಗೆದುಕೊಡಬಹುದು. ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಜಿಲ್ಲೆಯ ಮಹಿಳೆಯರ ನಡುವೆ ಈ ಕ್ರಮದ ಬಗ್ಗೆ ಕೆಲಸ ಮಾಡಿದೆ. ಕಾಲು ಮಡಚಿ ಮಲಗುವ ಸಂಕೋಚಕ್ಕೇ ಆಸ್ಪತ್ರೆ ತಪ್ಪಿಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಅವ್ವನಿಗೋ ಅಕ್ಕನಿಗೋ ಈ ರೋಗ ಬಂದಿದ್ದರೆ ಅದನ್ನು ಮುಚ್ಚಿಡದೆ, ಯಾವ ವಯಸ್ಸಿನಲ್ಲಿ ಬಂತು ಎಂಬುದರ ಸಮೇತ ವೈದ್ಯರಿಗೆ ಹೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ, ಬಿಳಿಸೆರಗು ವಾಸನೆ ಬಂದರೆ ಐದು ವರ್ಷದ ಲೆಕ್ಕ ಹಿಡಿಯದೆ ಆ ವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬರೀ ತಪಾಸಣೆಗಾದರೆ ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ, ಒಬ್ಬರೇ ಹೋಗಲು ಸಂಕೋಚವಾದರೆ ಓರಗಿತ್ತಿಯನ್ನೋ ಪಕ್ಕದ ಮನೆಯವರನ್ನೋ ಕರೆದುಕೊಂಡು ಹೋಗಿ. ಅವರಿಗೂ ಮೂವತ್ತು ದಾಟಿರುತ್ತದೆ.