ಹಳೆಯ ಬೆಳ್ಳಿ ರೂಪಾಯಿ

ಮೇಗರವಳ್ಳಿಯಂಥ ಮಲೆನಾಡಿನ ಊರುಗಳಲ್ಲಿ ಹಿರಿಯರ ಪೆಟ್ಟಿಗೆಯೊಳಗೆ ವಿಕ್ಟೋರಿಯಾಳ ಬೆಳ್ಳಿ ರೂಪಾಯಿ ಇಂದಿಗೂ ದೊರೆಯುವುದುಂಟು. ಅದರ ತೂಕ 11.66 ಗ್ರಾಂ, ಎಂದರೆ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1876ರ ಇಸವಿಯವರೆಗಿನ ನಾಣ್ಯಗಳಲ್ಲಿ ಆಕೆ 'ರಾಣಿ', 1877ರಿಂದ 'ಚಕ್ರವರ್ತಿನಿ'.

ಸಂಗ್ರಹಕಾರರು ಅಲ್ಪವಾಗಿ ಸವೆದ ನಾಣ್ಯವನ್ನು ಮೆಚ್ಚುತ್ತಾರೆ. ಕೈಯಿಂದ ಕೈಗೆ ಸಾಗುವಾಗ ಕೆನ್ನೆ, ಕಿರೀಟಗಳಂಥ ಉಬ್ಬುಭಾಗಗಳು ಮೊದಲು ಸವೆಯುತ್ತವೆ. ತಗ್ಗಿನ ಗೆರೆಗಳು ಉಳಿಯುತ್ತವೆ. ಆದರೆ ಲಕ್ಷ್ಮೀಪೂಜೆಗೆಂದು ವರ್ಷವರ್ಷವೂ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರೆ ಆ ಗೆರೆಗಳೂ ಅಳಿಯುತ್ತವೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ; ಮಳೆಗಾಲದ ತೇವ ಅದನ್ನು ಹೆಚ್ಚಿಸುತ್ತದೆ. ಆ ಕಪ್ಪು ಕೊಳೆಯಲ್ಲ. ಆದುದರಿಂದ ನಾಣ್ಯವನ್ನು ಉಜ್ಜದೆ, ಅಂಚನ್ನು ಮಾತ್ರ ಹಿಡಿದು, ತೇವ ತಾಗದ ಡಬ್ಬಿಯಲ್ಲಿಡಬೇಕು.

ಕುಂಕುಮಭರಣಿಗೆಂದು ಕರಗಿಸಿದ ನಾಣ್ಯ ಮರಳಿ ಬಾರದು. ಅಕ್ಕಸಾಲಿಗನ ಕುಲುಮೆಗೆ ಹೋಗುವ ಮುನ್ನ ವಿದ್ಯಾರ್ಥಿಮಿತ್ರರು ಮನೆಯ ನಾಣ್ಯದ ಇಸವಿಯನ್ನೊಮ್ಮೆ ಓದಿ ನೋಡಲಿ.