ಗಣಕವ್ಯವಸ್ಥೆಯ ಪಾಲನೆ: ಒಳಗಿನ ಸಿಬ್ಬಂದಿಗೂ ಹೊರಗಿನ ಗುತ್ತಿಗೆದಾರರಿಗೂ ನಡುವಣ ಕಾರ್ಯವಿಭಾಗ

ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ವಿಮಾಸಂಸ್ಥೆ, ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಅದರ ದಿನನಿತ್ಯದ ವ್ಯವಹಾರವು ಇಂದು ಗಣಕಯಂತ್ರಗಳನ್ನು ಅವಲಂಬಿಸಿ ನಡೆಯುತ್ತಿದೆ. ಈ ಯಂತ್ರಗಳನ್ನೂ ಅವುಗಳನ್ನು ಒಂದುಗೂಡಿಸುವ ಜಾಲವನ್ನೂ ಕೆಡದಂತೆ ಕಾಯುವ, ಕೆಟ್ಟಾಗ ಸರಿಪಡಿಸುವ ಕೆಲಸವನ್ನು ಸಂಸ್ಥೆಯು ತನ್ನ ನೌಕರರಿಂದಲೇ ಮಾಡಿಸಬೇಕೆ, ಹೊರಗಿನವರಿಗೆ ಗುತ್ತಿಗೆ ಕೊಡಬೇಕೆ ಎಂಬುದು ಆಡಳಿತಗಾರರನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ. ಕಾರ್ಯತಃ ಹೆಚ್ಚಿನ ಸಂಸ್ಥೆಗಳು ಇವೆರಡರಲ್ಲಿ ಒಂದನ್ನೇ ಪೂರ್ಣವಾಗಿ ಆರಿಸಿಕೊಳ್ಳದೆ ಎರಡನ್ನೂ ಬೆರೆಸಿ ನಡೆಯುತ್ತವೆ. ಹೀಗಿರಲಾಗಿ, ನಿಜವಾದ ಪ್ರಶ್ನೆಯು ಯಾವುದನ್ನು ಕೊಡಬಹುದು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದೇ ಆಗಿದೆ.

ಇದು ವಾಣಿಜ್ಯಶಾಸ್ತ್ರಕ್ಕೆ ಸೇರಿದ ವಿಷಯವೆಂದು ವಾಚಕರಿಗೆ ತೋರಬಹುದು. ಆದರೆ ಇದಕ್ಕೆ ಈಗ ಎಪ್ಪತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು. ಆ ಚರಿತ್ರೆಯನ್ನು ಅವಲೋಕಿಸಿದ ಹೊರತು ಪ್ರಶ್ನೆಗೆ ತಕ್ಕ ಉತ್ತರ ದೊರೆಯದೆಂದು ನಾವು ಭಾವಿಸುತ್ತೇವೆ. ಕೆಲಸವನ್ನು ಹಂಚಿಕೊಳ್ಳಬಹುದು, ಹೊಣೆಯನ್ನು ಹಂಚಿಕೊಳ್ಳಲಾಗದು. ಆದುದರಿಂದ ಹೊಣೆಯನ್ನು ಹೊರಲು ಬೇಕಾದಷ್ಟು ತಿಳಿವಳಿಕೆಯು ಸಂಸ್ಥೆಯ ಒಳಗೇ ಉಳಿದಿರಬೇಕು ಎಂಬುದನ್ನು ಈ ಲೇಖನದಲ್ಲಿ ನಿದರ್ಶನಗಳ ಮೂಲಕ ವಿಶದಪಡಿಸಲು ಯತ್ನಿಸುತ್ತೇವೆ.

೧. ಪೂರ್ವೇತಿಹಾಸ

ವ್ಯಾಪಾರಸಂಸ್ಥೆಯೊಂದರ ನಿತ್ಯದ ಲೆಕ್ಕಕ್ಕಾಗಿ ಗಣಕಯಂತ್ರವನ್ನು ಮೊಟ್ಟಮೊದಲು ಬಳಸಿದ ಕೀರ್ತಿಯು ಇಂಗ್ಲೆಂಡಿನ ಜೆ. ಲಯನ್ಸ್ ಎಂಬ ಸಂಸ್ಥೆಗೆ ಸಲ್ಲುತ್ತದೆ. ಇದು ಚಹದ ಅಂಗಡಿಗಳನ್ನೂ ಬೇಕರಿಗಳನ್ನೂ ನಡೆಸುತ್ತಿದ್ದ ಸಂಸ್ಥೆ. ತನಗೆ ಬೇಕಾದಂಥ ಯಂತ್ರವು ಪೇಟೆಯಲ್ಲಿ ದೊರೆಯದಿದ್ದ ಕಾರಣ, ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಎಡ್ಸ್ಯಾಕ್ ಯಂತ್ರವನ್ನು ಮಾದರಿಯಾಗಿಟ್ಟುಕೊಂಡು ‘ಲಿಯೋ’ ಎಂಬ ಯಂತ್ರವನ್ನು ತಾನೇ ನಿರ್ಮಿಸಿಕೊಂಡಿತು. ೧೯೫೧ರಲ್ಲಿ ಬೇಕರಿಯ ಲೆಕ್ಕಾಚಾರವು ಅದರ ಮೇಲೆ ನಡೆಯತೊಡಗಿತು. ಯಂತ್ರವನ್ನು ಕಟ್ಟಿದವರು, ನಡೆಸಿದವರು, ಅದರಿಂದ ಯಾವ ಕೆಲಸವಾಗಬೇಕೆಂದು ಗೊತ್ತುಮಾಡಿದವರು, ಎಲ್ಲರೂ ಒಂದೇ ಸಂಸ್ಥೆಯ ನೌಕರರು. ಆದರೆ ಸ್ವಲ್ಪ ಕಾಲದಲ್ಲಿಯೇ ಅದೇ ಯಂತ್ರವು ಫೋರ್ಡ್ ಮೋಟಾರು ಸಂಸ್ಥೆಯ ನೌಕರರ ಸಂಬಳದ ಪಟ್ಟಿಯನ್ನೂ ಸಿದ್ಧಪಡಿಸತೊಡಗಿತು. ಒಬ್ಬರ ಲೆಕ್ಕವನ್ನು ಮತ್ತೊಬ್ಬರ ಯಂತ್ರವು ಮಾಡಿಕೊಡುವ ಪದ್ಧತಿಯು ಗಣಕಯಂತ್ರದ ಬಾಲ್ಯದಲ್ಲಿಯೇ ಹುಟ್ಟಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅಮೆರಿಕದಲ್ಲಿ ರಾಸ್ ಪೆರೋ ಎಂಬಾತನು ೧೯೬೨ರಲ್ಲಿ ಎಲೆಕ್ಟ್ರಾನಿಕ್ ಡೇಟಾ ಸಿಸ್ಟಮ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಇತರ ಸಂಸ್ಥೆಗಳ ಗಣಕವಿಭಾಗವನ್ನು ನಡೆಸಿಕೊಡುವುದನ್ನೇ ಒಂದು ಉದ್ಯಮವನ್ನಾಗಿ ಬೆಳೆಸಿದನು. ನಮ್ಮ ದೇಶದ ಅನುಭವವು ಬೇರೊಂದು ಬಗೆಯದು. ವಿದೇಶೀ ವಿನಿಮಯ ನಿಯಂತ್ರಣದ ೧೯೭೩ರ ಕಾಯಿದೆಯು ವಿದೇಶೀ ಒಡೆತನಕ್ಕೆ ವಿಧಿಸಿದ ಮಿತಿಗೆ ಒಪ್ಪದೆ ಐ.ಬಿ.ಎಂ. ಸಂಸ್ಥೆಯು ೧೯೭೮ರಲ್ಲಿ ಭಾರತದಿಂದ ನಿರ್ಗಮಿಸಿತು. ಅದರ ಯಂತ್ರಗಳನ್ನು ನೆಚ್ಚಿಕೊಂಡಿದ್ದ ಕಚೇರಿಗಳಿಗೆ ಆಗ ಆಸರೆಯಾದುದು ಸರ್ಕಾರವು ಅದಕ್ಕೆ ಕೆಲವು ವರ್ಷಗಳ ಮೊದಲೇ ಸ್ಥಾಪಿಸಿದ್ದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್. ಪಾಲನೆಯನ್ನು ಪೂರ್ತಿಯಾಗಿ ಹೊರಗಿನವರಿಗೆ ಬಿಟ್ಟಿದ್ದರೆ, ಆ ಹೊರಗಿನವರು ಹೊರಟುಹೋದ ದಿನ ಏನು ಗತಿ ಎಂಬ ಪ್ರಶ್ನೆಯು ಹೀಗೆ ನಮ್ಮಲ್ಲಿ ಬಲು ಬೇಗನೆ ಎದುರಾಯಿತು.

೨. ಕೊಡ್ಯಾಕ್ ಸಂಸ್ಥೆಯ ನಿರ್ಧಾರ ಮತ್ತು ಅದರ ಪ್ರಭಾವ

ಈ ಚರಿತ್ರೆಯಲ್ಲಿ ೧೯೮೯ನೆಯ ವರ್ಷವು ಮುಖ್ಯವಾದುದು. ಛಾಯಾಚಿತ್ರಣಕ್ಕೆ ಹೆಸರಾದ ಈಸ್ಟ್‌ಮನ್ ಕೊಡ್ಯಾಕ್ ಸಂಸ್ಥೆಯು ಆ ವರ್ಷ ತನ್ನ ದೊಡ್ಡ ಗಣಕಕೇಂದ್ರಗಳ ನಿರ್ವಹಣೆಯನ್ನು ಐ.ಬಿ.ಎಂ. ಸಂಸ್ಥೆಗೆ ಒಪ್ಪಿಸಿತು. ದೂರಸಂಪರ್ಕದ ಜಾಲವು ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆಗೂ, ಮೇಜಿನ ಮೇಲಣ ಚಿಕ್ಕ ಗಣಕಗಳ ಪಾಲನೆಯು ಬಿಸಿನೆಸ್‌ಲ್ಯಾಂಡ್ ಎಂಬ ಮೂರನೆಯ ಸಂಸ್ಥೆಗೂ ಹೋದವು. ಸುಮಾರು ೩೦೦ ಮಂದಿ ಕೊಡ್ಯಾಕ್ ನೌಕರರು ಐ.ಬಿ.ಎಂ. ನೌಕರರಾದರು. ಗಣಕವ್ಯವಸ್ಥೆಯನ್ನು ತನ್ನ ಬಲದಿಂದಲೇ ನಡೆಸಲು ಶಕ್ತವಾಗಿದ್ದ ಇಂಥ ದೊಡ್ಡ ಸಂಸ್ಥೆಯು ಈ ಹೆಜ್ಜೆಯನ್ನಿಟ್ಟುದು ವ್ಯಾಪಾರಲೋಕದಲ್ಲಿ ಅಚ್ಚರಿಯನ್ನುಂಟುಮಾಡಿತು. ಅನೇಕ ಸಂಸ್ಥೆಗಳು ಅದನ್ನು ಅನುಕರಿಸಿದವು. ಲೋ ಮತ್ತು ವೆಂಕಟರಾಮನ್ ಎಂಬ ವಿದ್ವಾಂಸರು ೧೯೯೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ‘ಕೊಡ್ಯಾಕ್ ಪ್ರಭಾವ’ ಎಂದೇ ಕರೆದರು.

ಅನುಕರಣೆಯು ಎಲ್ಲೆಡೆಯೂ ಸಫಲವಾಗಲಿಲ್ಲ. ಜೆ.ಪಿ. ಮಾರ್ಗನ್ ಚೇಸ್ ಬ್ಯಾಂಕು ೨೦೦೨ರ ಡಿಸೆಂಬರಿನಲ್ಲಿ ಐ.ಬಿ.ಎಂ. ಸಂಸ್ಥೆಯೊಡನೆ ೭ ವರ್ಷಗಳ, ೫೦೦ ಕೋಟಿ ಡಾಲರುಗಳ ಕರಾರು ಮಾಡಿಕೊಂಡಿತು. ಸುಮಾರು ೪,೦೦೦ ಮಂದಿ ಕೈಬದಲಾಗುವುದೆಂದು ಗೊತ್ತಾಯಿತು. ೨೦೦೪ರಲ್ಲಿ ಬ್ಯಾಂಕ್ ಒನ್ ಎಂಬ ಬ್ಯಾಂಕು ಅದರಲ್ಲಿ ವಿಲೀನವಾದ ತರುವಾಯ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಕರಾರನ್ನು ರದ್ದುಪಡಿಸಿ ಕೆಲಸವನ್ನು ಮರಳಿ ಒಳಗೆ ತೆಗೆದುಕೊಳ್ಳುವುದಾಗಿ ಬ್ಯಾಂಕು ಸಾರಿತು. ಎರಡು ವರ್ಷಗಳೊಳಗೆ ಸಾವಿರಾರು ನೌಕರರು ಒಬ್ಬ ಒಡೆಯನಿಂದ ಇನ್ನೊಬ್ಬನಿಗೂ, ಅಲ್ಲಿಂದ ಮತ್ತೆ ಮೊದಲಿನವನಿಗೂ ಸೇರಬೇಕಾಯಿತು. ಇಂಥ ನಿರ್ಧಾರಗಳ ಭಾರವನ್ನು ಮೊದಲು ಹೊರುವವರು ನೌಕರರೇ ಎಂಬುದನ್ನು ಅಂಕಿಸಂಖ್ಯೆಗಳ ನಡುವೆ ನಾವು ಮರೆಯಲಾಗದು.

೩. ಕಾರ್ಯವಿಭಾಗದ ಸ್ವರೂಪ

ಪೂರ್ಣ ಗುತ್ತಿಗೆಯಲ್ಲಿ ಇಂಥ ತೊಡಕುಗಳಿರುವಾಗ, ಎಲ್ಲವನ್ನೂ ಒಳಗೇ ಇಟ್ಟುಕೊಳ್ಳಬಹುದಲ್ಲವೆ ಎಂದು ಕೇಳಬಹುದು. ಇದಕ್ಕೆ ಒಂದು ಸರಳವಾದ ಗಣಿತವೇ ಉತ್ತರ ಕೊಡುತ್ತದೆ. ವ್ಯವಸ್ಥೆಯ ಮೇಲೆ ಹಗಲಿರುಳು ಕಣ್ಣಿಡಲು ಒಬ್ಬ ಕಾವಲುಗಾರನಾದರೂ ಸದಾ ಎಚ್ಚರವಾಗಿರಬೇಕು. ವಾರಕ್ಕೆ ೧೬೮ ಗಂಟೆಗಳು. ಒಬ್ಬ ನೌಕರನು ವಾರಕ್ಕೆ ೪೮ ಗಂಟೆ ದುಡಿದರೂ ಆ ಒಂದು ಕುರ್ಚಿಯನ್ನು ತುಂಬಲು ನಾಲ್ವರು ಬೇಕು. ರಜೆ, ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದರೆ ಐವರು. ನೂರು ಮಂದಿ ಕೆಲಸಮಾಡುವ ಒಂದು ಕಾರ್ಖಾನೆಯು ಇದಕ್ಕಾಗಿಯೇ ಐವರಿಗೆ ಸಂಬಳ ಕೊಡುವುದು ಕಷ್ಟ. ಆದರೆ ಹೊರಗಿನ ಸಂಸ್ಥೆಯು ಅದೇ ಐವರಿಂದ ಹತ್ತಾರು ಗಿರಾಕಿಗಳ ವ್ಯವಸ್ಥೆಯನ್ನು ಕಾಯಿಸಬಲ್ಲುದು. ಅಪರೂಪವಾಗಿ ಮಾತ್ರ ಬೇಕಾಗುವ ತಜ್ಞರ ವಿಷಯದಲ್ಲಿಯೂ ಇದೇ ನ್ಯಾಯ ಅನ್ವಯಿಸುತ್ತದೆ.

ಇದಕ್ಕೆ ಪ್ರತಿಯಾಗಿ, ಒಳಗಿನವನಿಗೆ ಮಾತ್ರ ಗೊತ್ತಿರುವ ಸಂಗತಿಗಳೂ ಉಂಟು. ತಿಂಗಳ ಕೊನೆಯ ದಿನ ಲೆಕ್ಕಪತ್ರ ವಿಭಾಗದ ಯಂತ್ರವು ನಿಂತರೆ ಸಂಬಳ ತಡವಾಗುತ್ತದೆ, ಆದಕಾರಣ ಅಂದು ಅದನ್ನೇ ಮೊದಲು ನೋಡಬೇಕು. ಉಗ್ರಾಣದ ಹಳೆಯ ಗಣಕವನ್ನು ಬದಲಾಯಿಸಿದರೆ ತೂಕದ ಯಂತ್ರವು ಅದರೊಡನೆ ಹೊಂದಿಕೊಳ್ಳದು. ಇಂಥ ತಿಳಿವಳಿಕೆಯು ಕರಾರುಪತ್ರದಲ್ಲಿ ಬರೆದಿರುವುದಿಲ್ಲ. ವರ್ಷಗಳ ಒಡನಾಟದಿಂದ ಬರುತ್ತದೆ.

ಆದುದರಿಂದ ರೂಢಿಗೆ ಬಂದಿರುವ ವಿಭಾಗಕ್ರಮವನ್ನು ಸ್ಥೂಲವಾಗಿ ಮೂರು ಹಂತಗಳಾಗಿ ವಿವರಿಸಬಹುದು. ನೌಕರನ ಮೇಜಿನ ಬಳಿ ಏಳುವ ತೊಂದರೆಗಳು, ಅಂದರೆ ಮರೆತ ಪಾಸ್‌ವರ್ಡು, ಕೆಟ್ಟ ಪ್ರಿಂಟರು, ಹೊಸದಾಗಿ ಸೇರಿದವರಿಗೆ ಗಣಕವನ್ನು ಅಣಿಗೊಳಿಸುವುದು ಮೊದಲಾದವು ಮೊದಲನೆಯ ಹಂತ. ಸರ್ವರುಗಳ ಪಾಲನೆ, ದತ್ತಾಂಶದ ಪ್ರತಿಗಳನ್ನು ಕಾಪಿಡುವುದು, ಸಾಫ್ಟ್‌ವೇರನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ಎರಡನೆಯ ಹಂತ. ರಾತ್ರಿಯ ಕಾವಲು, ಅತಿಕ್ರಮಣಗಳ ಪತ್ತೆ, ಜಟಿಲವಾದ ದೋಷಗಳ ಶೋಧನೆ ಮೂರನೆಯದು. ಯಾವ ಹಂತವು ಯಾರಿಗೆ ಸೇರಬೇಕೆಂಬುದಕ್ಕೆ ಒಂದೇ ನಿಯಮವಿಲ್ಲ. ಮೊದಲನೆಯದನ್ನು ಒಳಗಿಟ್ಟುಕೊಂಡು ಮೂರನೆಯದನ್ನು ಹೊರಗೆ ಕೊಡುವವರುಂಟು. ಸಾಮಾನ್ಯ ದೂರುಗಳನ್ನೆಲ್ಲ ಹೊರಗಿನವರಿಗೆ ಬಿಟ್ಟು ತಮ್ಮ ಕೆಲವೇ ನೌಕರರನ್ನು ಯೋಜನೆಯ ಕೆಲಸಕ್ಕೆ ತೊಡಗಿಸುವವರೂ ಉಂಟು.

ಎರಡು ಕೈಗಳು ಸೇರುವ ಸಂಧಿಯಲ್ಲಿಯೇ ಅಪಾಯವಿರುತ್ತದೆ. ಜಾಲವು ನಿಂತಾಗ ಅದು ಅವರ ಕೆಲಸವೆಂದು ಇವರೂ, ಇವರ ಕೆಲಸವೆಂದು ಅವರೂ ಹೇಳಿದರೆ ವ್ಯವಹಾರವು ನಡುವೆ ನಿಲ್ಲುತ್ತದೆ. ಕೆಲಸಗಳ ಪಟ್ಟಿಯೊಂದನ್ನು ಮಾಡಿ ಪ್ರತಿಯೊಂದರ ಎದುರು ಒಬ್ಬರ ಹೆಸರನ್ನೇ ಬರೆದಿಡುವುದು ಇದಕ್ಕೆ ಮೊದಲ ಪರಿಹಾರ. ಅಲ್ಲದೆ, ವ್ಯವಸ್ಥೆಯ ಮುಖ್ಯ ಪಾಸ್‌ವರ್ಡುಗಳೂ ಅದರ ರಚನೆಯನ್ನು ವಿವರಿಸುವ ಕಾಗದಪತ್ರಗಳೂ ಗುತ್ತಿಗೆದಾರನ ಬಳಿ ಮಾತ್ರವಿರದೆ ಸಂಸ್ಥೆಯ ವಶದಲ್ಲಿಯೂ ಇರತಕ್ಕದ್ದು. ಕಾಪಿಟ್ಟ ಪ್ರತಿಗಳಿಂದ ದತ್ತಾಂಶವನ್ನು ಮರಳಿ ಪಡೆಯಲಾಗುವುದೆ ಎಂಬುದನ್ನು ಆಗಾಗ ಪರೀಕ್ಷಿಸಿ ನೋಡತಕ್ಕದ್ದು. ಕರಾರು ಮುಗಿದಾಗ ಹಸ್ತಾಂತರವು ಹೇಗೆ ನಡೆಯಬೇಕೆಂಬುದು ಕರಾರಿನ ಆರಂಭದಲ್ಲಿಯೇ ಗೊತ್ತಾಗಿರತಕ್ಕದ್ದು.

ಕರಾರಿನ ಭಾಷೆಯಲ್ಲಿಯೂ ಎಚ್ಚರ ಅಗತ್ಯ. ವ್ಯವಸ್ಥೆಯು ವರ್ಷದಲ್ಲಿ ನೂರಕ್ಕೆ ೯೯.೯ ಭಾಗ ಕಾಲ ನಡೆಯುತ್ತಿರುವುದೆಂಬ ವಚನವು ಕೇಳಲು ಹಿತವಾಗಿದೆ. ಆದರೆ ವರ್ಷದ ೮,೭೬೦ ಗಂಟೆಗಳಲ್ಲಿ ಉಳಿದ ಸಾವಿರದ ಒಂದು ಪಾಲೆಂದರೆ ಸುಮಾರು ೮ ಗಂಟೆ ೪೫ ನಿಮಿಷ. ಅಷ್ಟೂ ಸಂಬಳದ ದಿನವೇ ಬಂದೊದಗಿದರೂ ಗುತ್ತಿಗೆದಾರನು ಮಾತು ತಪ್ಪಿದಂತಾಗುವುದಿಲ್ಲ. ಇದನ್ನು ಅರಿತು ಪ್ರಶ್ನಿಸಬಲ್ಲವನು ಕರಾರಿಗೆ ರುಜು ಹಾಕುವ ವೇಳೆ ಸಂಸ್ಥೆಯ ಪಕ್ಷದಲ್ಲಿ ಇರಬೇಕು.

೪. ಹೊಣೆಯ ಪ್ರಶ್ನೆ: ಟಿ.ಎಸ್.ಬಿ. ಬ್ಯಾಂಕಿನ ನಿದರ್ಶನ

ಅಂಥವನಿಲ್ಲದಿದ್ದರೆ, ಅಥವಾ ಇದ್ದೂ ಪ್ರಶ್ನಿಸದಿದ್ದರೆ ಏನಾಗುವುದೆಂಬುದಕ್ಕೆ ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕಿನ ವೃತ್ತಾಂತವು ಉದಾಹರಣೆಯಾಗಿದೆ. ಈ ಬ್ಯಾಂಕು ಮೊದಲು ಲಾಯ್ಡ್ಸ್ ಸಮೂಹಕ್ಕೆ ಸೇರಿದ್ದು, ೨೦೧೩ರಲ್ಲಿ ಅದರಿಂದ ಬೇರ್ಪಟ್ಟಿತು. ೨೦೧೫ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕು ಅದನ್ನು ಕೊಂಡಿತು. ಬೇರ್ಪಟ್ಟ ಬಳಿಕವೂ ಅದರ ಗಣಕವ್ಯವಸ್ಥೆಯು ಲಾಯ್ಡ್ಸ್ ಯಂತ್ರಗಳ ಮೇಲೆಯೇ ನಡೆಯುತ್ತಿತ್ತು. ಖಾತೆಗಳನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸವನ್ನು ಸಬಾಡೆಲ್ ಸಮೂಹದ್ದೇ ಆದ ಸಾಬಿಸ್ ಎಂಬ ಸಂಸ್ಥೆಗೆ ವಹಿಸಲಾಯಿತು. ಸಾಬಿಸ್ ಅನೇಕ ಉಪಗುತ್ತಿಗೆದಾರರನ್ನು ನೆಚ್ಚಿಕೊಂಡಿತ್ತು.

೨೦೧೮ರ ಏಪ್ರಿಲಿನಲ್ಲಿ ವರ್ಗಾವಣೆ ನಡೆಯಿತು. ದತ್ತಾಂಶವು ಸರಿಯಾಗಿಯೇ ಸಾಗಿತಾದರೂ ಹೊಸ ವ್ಯವಸ್ಥೆಯು ಒಡನೆಯೇ ತೊಡಕಿಗೆ ಸಿಕ್ಕಿತು. ಸುಮಾರು ೫೨ ಲಕ್ಷ ಗ್ರಾಹಕರಲ್ಲಿ ೧೯ ಲಕ್ಷದಷ್ಟು ಮಂದಿಗೆ ತಮ್ಮ ಖಾತೆಗಳು ದೊರೆಯದಾದವು. ವ್ಯವಹಾರವು ಪೂರ್ಣವಾಗಿ ಸುಸ್ಥಿತಿಗೆ ಬರಲು ಡಿಸೆಂಬರಿನವರೆಗೆ ಕಾಯಬೇಕಾಯಿತು. ಬ್ಯಾಂಕಿನ ಮುಖ್ಯಾಧಿಕಾರಿಯು ಸೆಪ್ಟೆಂಬರಿನಲ್ಲಿ ಹುದ್ದೆಯನ್ನು ತ್ಯಜಿಸಿದನು. ನಿಯಂತ್ರಣಾಧಿಕಾರಿಗಳು ೨೦೨೨ರ ಡಿಸೆಂಬರಿನಲ್ಲಿ ಬ್ಯಾಂಕಿಗೆ ೪.೮೬೫ ಕೋಟಿ ಪೌಂಡುಗಳ ದಂಡ ವಿಧಿಸಿದರು. ೨೦೨೩ರ ಏಪ್ರಿಲಿನಲ್ಲಿ, ಆಗಿನ ಮುಖ್ಯ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿ ೮೧,೬೨೦ ಪೌಂಡುಗಳ ದಂಡ ಬಿದ್ದಿತು. ಹೊರಗಿನ ಸಂಸ್ಥೆಯ ಸಿದ್ಧತೆಯನ್ನು ತಕ್ಕಷ್ಟು ಪರಿಶೀಲಿಸಿ ನೋಡಲಿಲ್ಲವೆಂಬುದೇ ಆತನ ಮೇಲಣ ಆಕ್ಷೇಪ. ಕೆಲಸ ಮಾಡಿದವರು ಬೇರೆಯವರು ಎಂಬ ಸಮಾಧಾನವು ಬ್ಯಾಂಕನ್ನಾಗಲಿ ಅಧಿಕಾರಿಯನ್ನಾಗಲಿ ಕಾಪಾಡಲಿಲ್ಲ.

ಭಾರತದಲ್ಲಿಯೂ ಈ ತತ್ತ್ವವು ನಿಯಮದ ರೂಪವನ್ನು ತಳೆದಿದೆ. ಮಾಹಿತಿ ತಂತ್ರಜ್ಞಾನದ ಸೇವೆಗಳನ್ನು ಹೊರಗುತ್ತಿಗೆ ಕೊಡುವ ಬಗ್ಗೆ ರಿಸರ್ವ್ ಬ್ಯಾಂಕು ೨೦೨೩ರ ಏಪ್ರಿಲಿನಲ್ಲಿ ನಿರ್ದೇಶನಗಳನ್ನು ಹೊರಡಿಸಿತು. ಅವು ಅದೇ ವರ್ಷದ ಅಕ್ಟೋಬರ್ ೧ರಿಂದ ಜಾರಿಗೆ ಬಂದವು. ಕೆಲಸವನ್ನು ಗುತ್ತಿಗೆ ಕೊಟ್ಟ ಮಾತ್ರಕ್ಕೆ ಗ್ರಾಹಕರ ವಿಷಯದಲ್ಲಿ ಬ್ಯಾಂಕಿಗಿರುವ ಬಾಧ್ಯತೆಯು ಕಡಮೆಯಾಗದೆಂಬುದು ಅವುಗಳ ತಿರುಳು.

ನಮ್ಮ ನಾಡಿನ ಇತಿಹಾಸವನ್ನು ಬಲ್ಲವರಿಗೆ ಇದು ಅಪರಿಚಿತವಾದ ಪಾಠವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನದ ಅಮಲ್ದಾರರು ಇಂತಿಷ್ಟು ಕಂದಾಯವನ್ನು ತಂದೊಪ್ಪಿಸುವುದಾಗಿ ಕರಾರು ಬರೆದುಕೊಡುವ ಶರತ್ತಿನ ಪದ್ಧತಿಯಿತ್ತು. ವಸೂಲಿಯ ಕ್ರಮವನ್ನು ಮೇಲಿನವರು ವಿಚಾರಿಸದೆ ಹೋದುದು ೧೮೩೦-೩೧ರ ನಗರದ ದಂಗೆಗೆ ಕಾರಣಗಳಲ್ಲೊಂದಾಯಿತು. ೧೮೩೧ರಲ್ಲಿ ಆಡಳಿತವನ್ನು ಕಳೆದುಕೊಂಡವರು ಕರಾರು ಬರೆದುಕೊಟ್ಟ ಅಮಲ್ದಾರರಲ್ಲ, ಮಹಾರಾಜರು.

೫. ಒಳಗೆ ಉಳಿಯಬೇಕಾದುದು

ಹಾಗಾದರೆ ಒಳಗೆ ಎಷ್ಟು ಉಳಿಯಬೇಕು? ಫೀನಿ ಮತ್ತು ವಿಲ್‌ಕಾಕ್ಸ್ ಎಂಬ ವಿದ್ವಾಂಸರು ೧೯೯೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹೊರಗೆ ಎಷ್ಟೇ ಕೊಟ್ಟರೂ ಸಂಸ್ಥೆಯು ಬಿಡಬಾರದ ಒಂಬತ್ತು ಸಾಮರ್ಥ್ಯಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಕೆಲವು ವ್ಯವಹಾರಕ್ಕೂ ಯಂತ್ರಕ್ಕೂ ಇರುವ ಸಂಬಂಧವನ್ನು ಅರಿಯುವುದಕ್ಕೆ ಸೇರಿದವು. ಕೆಲವು ಮುಂದಣ ವ್ಯವಸ್ಥೆಯ ನಕ್ಷೆಯನ್ನು ರೂಪಿಸುವುದಕ್ಕೂ ತೊಡಕು ಬಂದಾಗ ತಾವೇ ಬಗೆಹರಿಸುವುದಕ್ಕೂ ಸೇರಿದವು. ಉಳಿದವು ಅರಿತು ಕೊಳ್ಳುವ, ಕರಾರನ್ನು ನಡೆಸುವ, ಅದರ ಪಾಲನೆಯನ್ನು ಪರಿಶೀಲಿಸುವ ವಿಚಕ್ಷಣೆಗೆ ಸಂಬಂಧಿಸಿದವು. ಇವುಗಳಿಗೆ ಹೆಚ್ಚು ಜನ ಬೇಕಿಲ್ಲ. ಸಮರ್ಥರಾದ ಕೆಲವರು ಸಾಕು. ಆದರೆ ವೆಚ್ಚವನ್ನು ತಗ್ಗಿಸುವ ಹುರುಪಿನಲ್ಲಿ ಮೊದಲು ಕೈಬಿಡುವುದು ಇಂಥ ಅನುಭವಸ್ಥರನ್ನೇ ಆದರೆ, ಗುತ್ತಿಗೆದಾರನು ಮಾಡಿದ ಕೆಲಸವು ಸರಿಯೆ ತಪ್ಪೆ ಎಂದು ಹೇಳಬಲ್ಲವರು ಸಂಸ್ಥೆಯಲ್ಲಿ ಉಳಿಯುವುದಿಲ್ಲ.

ಈ ವಿಷಯವು ನಮ್ಮ ವಿದ್ಯಾರ್ಥಿಗಳಿಗೆ ದೂರದ್ದಲ್ಲ. ಜಗತ್ತಿನ ಎಷ್ಟೋ ಸಂಸ್ಥೆಗಳ ಪಾಲಿಗೆ ಹೊರಗಿನ ಸೇವಾದಾತನು ಕುಳಿತಿರುವುದು ಬೆಂಗಳೂರಿನಲ್ಲಿ. ಇಂದಿನ ಪದವೀಧರರಲ್ಲಿ ಅನೇಕರು ನಾಳೆ ಕರಾರಿನ ಆ ಪಕ್ಕದಲ್ಲಿ ಕೆಲಸಮಾಡುವರು. ಮತ್ತೆ ಕೆಲವರು ಬ್ಯಾಂಕು, ಸಹಕಾರ ಸಂಘ, ಕಾಲೇಜುಗಳಲ್ಲಿ ಈ ಪಕ್ಕದಲ್ಲಿರುವರು. ಆ ಪಕ್ಕದವರು ತಮ್ಮ ಕೈಗೆ ಬಂದಿರುವುದು ಮತ್ತೊಬ್ಬರ ಬಾಳಿನ ಲೆಕ್ಕವೆಂಬುದನ್ನು ಮರೆಯಬಾರದು; ಈ ಪಕ್ಕದವರು ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಬಿಡಬಾರದು. ಇವೆರಡೂ ನೆರವೇರುವಲ್ಲಿ ಕೆಲಸದ ಹಂಚಿಕೆಯು ಹಿತಕರವಾಗುತ್ತದೆ. ಅಲ್ಲದೆಡೆ ಟಿ.ಎಸ್.ಬಿ. ಬ್ಯಾಂಕಿನ ಗ್ರಾಹಕರಂತೆ, ಕರಾರಿನಲ್ಲಿ ಪಾಲುಗಾರರೇ ಅಲ್ಲದ ಜನರು ಅದರ ನಷ್ಟವನ್ನು ಅನುಭವಿಸಬೇಕಾಗುತ್ತದೆ.