ಮರೀನಾದಿಂದ ಹಿಮಾಲಯಕ್ಕೆ: ಹೊರಡುವ ಮುನ್ನ ದಿನ ಎಣಿಸಿ



ಅಗ್ನಿ ನಕ್ಷತ್ರ ಶುರುವಾಯಿತೆಂದರೆ ಚೆನ್ನೈನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಎಲ್ಲಾದರೂ ತಣ್ಣಗಿರೋ ಕಡೆ ಹೋಗಿ ಬರೋಣ." ಹಿಂದೆಲ್ಲ ಹಾಗೆಂದರೆ ಊಟಿ, ಕೊಡೈಕೆನಾಲ್, ಹೆಚ್ಚೆಂದರೆ ನಮ್ಮ ಮಡಿಕೇರಿ. ಈಗ ಕಾಲ ಬದಲಾಗಿದೆ. ಲಡಾಖ್, ಗೋಮುಖ, ಕೈಲಾಸ ಮಾನಸ ಸರೋವರ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಝನ್‌ಸ್ಕಾರ್ ನದಿಯ ಮೇಲಿನ ನಡಿಗೆ, ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಕಾಲೇಜು ಹುಡುಗರಷ್ಟೇ ಅಲ್ಲ, ನಿವೃತ್ತರಾದ ದಂಪತಿಗಳೂ ಬೆನ್ನಿಗೆ ಚೀಲ ಏರಿಸಿಕೊಂಡು ಹೊರಡುತ್ತಿದ್ದಾರೆ. ಸಂತೋಷದ ವಿಷಯವೇ.

ಆದರೆ ಆ ಸಂತೋಷದ ಜೊತೆಗೆ ಒಂದು ನೋವಿನ ನೆನಪೂ ಇದೆ. 2024ರ ಮೇ ಕೊನೆಯಲ್ಲಿ ಕರ್ನಾಟಕದ ಚಾರಣಿಗರ ತಂಡವೊಂದು ಉತ್ತರಾಖಂಡದ ಸಹಸ್ರ ತಾಲ್ ಸರೋವರಕ್ಕೆ ಹೊರಟಿತ್ತು. ಸ್ಥಳೀಯ ಗೈಡ್‌ಗಳೂ ಸೇರಿ ಒಟ್ಟು 22 ಮಂದಿ. ಸರೋವರ ಇರುವುದು 4,000 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಜೂನ್ ಮೊದಲ ವಾರ ಹಿಮಬಿರುಗಾಳಿ ಅವರನ್ನು ಹಾದಿಯಲ್ಲೇ ಹಿಡಿಯಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ಮತ್ತು ರಕ್ಷಣಾ ತಂಡಗಳು 13 ಮಂದಿಯನ್ನು ಉಳಿಸಿ ತಂದವು. 9 ಮಂದಿ ಹಿಂದಿರುಗಲಿಲ್ಲ. ಕರ್ನಾಟಕದ ಸಚಿವ ಕೃಷ್ಣ ಬೈರೇಗೌಡರು ಸ್ವತಃ ಡೆಹ್ರಾಡೂನಿಗೆ ಹೋಗಿ ರಕ್ಷಣಾ ಕೆಲಸದ ಉಸ್ತುವಾರಿ ನೋಡಿಕೊಂಡರು.

ಯಾರದು ತಪ್ಪು ಎಂದು ತೀರ್ಪು ಹೇಳುವುದು ಈ ಬರಹದ ಕೆಲಸವಲ್ಲ. ಹಾಗಾದರೆ ಹೋಗಲೇಬಾರದೇ ಎಂದು ಕೇಳುತ್ತೀರಾ? ಖಂಡಿತ ಹೋಗಿ. ಆದರೆ ನಾವು ಎಲ್ಲಿಂದ ಹೊರಡುತ್ತಿದ್ದೇವೆ, ಎಲ್ಲಿಗೆ ಹೋಗುತ್ತಿದ್ದೇವೆ, ನಡುವೆ ಎಷ್ಟು ದಿನ ಇಟ್ಟುಕೊಂಡಿದ್ದೇವೆ ಎಂಬ ಲೆಕ್ಕ ಗೊತ್ತಿರಲಿ. ಹಿಮಾಲಯದಲ್ಲಿ ಕಾಲಿನ ಬಲಕ್ಕಿಂತ ದೊಡ್ಡದು ಈ ದಿನಗಳ ಲೆಕ್ಕ.

ಗಾಳಿ ಇದೆ, ಒತ್ತಡ ಇಲ್ಲ

ನಮ್ಮ ಚೆನ್ನೈ ಇರುವುದು ಸಮುದ್ರ ಮಟ್ಟದಿಂದ ಕೆಲವೇ ಮೀಟರ್ ಮೇಲೆ. ಬೆಂಗಳೂರಿನವರಿಗಾದರೂ 900 ಮೀಟರಿನ ಅಭ್ಯಾಸ ಇದೆ, ನಮಗೆ ಅದೂ ಇಲ್ಲ. ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ.

"ಎತ್ತರದಲ್ಲಿ ಆಮ್ಲಜನಕ ಕಡಿಮೆ" ಎಂದು ಎಲ್ಲರೂ ಹೇಳುತ್ತಾರೆ. ಸ್ವಲ್ಪ ಬಿಡಿಸಿ ನೋಡೋಣ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಒಂದೇ, ಶೇಕಡಾ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಮರೀನಾ ದಂಡೆಯ ಒತ್ತಡದ ಸುಮಾರು ಮೂರನೇ ಎರಡರಷ್ಟು. 5,500 ಮೀಟರ್ ತಲುಪಿದರೆ ಅರ್ಧ ಮಾತ್ರ. ಅಂದರೆ ಅಲ್ಲಿ ನೀವು ಒಂದು ಸಲ ಉಸಿರೆಳೆದರೆ ಶ್ವಾಸಕೋಶಕ್ಕೆ ಸಿಗುವ ಆಮ್ಲಜನಕ ಇಲ್ಲಿಯ ಅರ್ಧದಷ್ಟು!

ದೇಹ ಸುಮ್ಮನೆ ಕೂರುವುದಿಲ್ಲ. ಉಸಿರಾಟ ಜೋರಾಗುತ್ತದೆ, ಹೃದಯ ಬೇಗ ಬಡಿಯುತ್ತದೆ. ಜೋರಾಗಿ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತದ ಸಮತೋಲ ತಪ್ಪುತ್ತದೆ. ಅದನ್ನು ಸರಿಪಡಿಸುವುದು ಮೂತ್ರಪಿಂಡಗಳ ಕೆಲಸ. ಈ ಕೆಲಸಕ್ಕೆ ಗಂಟೆಗಳಲ್ಲ, ದಿನಗಳು ಬೇಕು. ಕೆಂಪು ರಕ್ತಕಣಗಳು ಹೆಚ್ಚುವುದಕ್ಕಂತೂ ವಾರಗಳೇ ಬೇಕು. ಇದಕ್ಕೆ ಹೊಂದಿಕೊಳ್ಳುವಿಕೆ ಎನ್ನುತ್ತಾರೆ. ದುಡ್ಡು ಕೊಟ್ಟು, ಜಿಮ್‌ನಲ್ಲಿ ಬೆವರು ಸುರಿಸಿ ಇದನ್ನು ಅವಸರಪಡಿಸಲಾಗದು.

ಈಗ ನಮ್ಮ ಸಾಮಾನ್ಯ ಯೋಜನೆ ನೋಡಿ. ಶುಕ್ರವಾರ ಸಂಜೆ ಆಫೀಸು ಮುಗಿಸಿ ಮೀನಂಬಾಕ್ಕಂನಲ್ಲಿ ವಿಮಾನ ಹತ್ತಿದರೆ ಶನಿವಾರ ಬೆಳಗ್ಗೆ ಲೇಹ್. ರಾತ್ರಿ ಕಳೆಯುವಷ್ಟರಲ್ಲಿ ಸಮುದ್ರ ಮಟ್ಟದಿಂದ 3,500 ಮೀಟರಿಗೆ! ಭಾನುವಾರವೇ 5,300 ಮೀಟರಿನ ಖರ್ದುಂಗ್ ಲಾ ಕಣಿವೆ ದಾರಿಯಲ್ಲಿ ಫೋಟೋ ತೆಗೆಸಿಕೊಳ್ಳುವ ಅವಸರ. ಮನಸ್ಸು ತಲುಪಿದೆ, ದೇಹ ಇನ್ನೂ ಚೆನ್ನೈನಲ್ಲೇ ಇದೆ.

ಸೈನಿಕರಿಂದ ಕಲಿತ ಪಾಠ

ಎತ್ತರದ ಕಾಯಿಲೆಯ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ನಮ್ಮ ಸೇನೆಯಿಂದ ಬಂದದ್ದು. 1962ರ ಚೀನಾ ಯುದ್ಧದ ಸಮಯದಲ್ಲಿ ಬಯಲಿನ ಸೈನಿಕರನ್ನು ತುರ್ತಾಗಿ ಗಡಿಯ ಎತ್ತರಕ್ಕೆ ಕಳಿಸಬೇಕಾಯಿತು. ಗಟ್ಟಿಮುಟ್ಟಾದ ಜವಾನರು ಗುಂಡು ತಗುಲದೆಯೇ ಕಾಯಿಲೆ ಬಿದ್ದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ಲೇಖನವನ್ನು ಇಂದಿಗೂ ವೈದ್ಯರು ಉಲ್ಲೇಖಿಸುತ್ತಾರೆ.

ಈಗ ಸೇನೆಯ ಕ್ರಮ ಹೀಗಿದೆ. 9,000 ಅಡಿಯಿಂದ 12,000 ಅಡಿವರೆಗೆ 6 ದಿನ. ಅದರಲ್ಲಿ ಮೊದಲ 2 ದಿನ ವಿಶ್ರಾಂತಿ. ಅಲ್ಲಿಂದ 15,000 ಅಡಿವರೆಗೆ ಇನ್ನೂ 4 ದಿನ. ಅದಕ್ಕೂ ಮೇಲೆ ಹೋಗಬೇಕಾದರೆ ಮತ್ತೆ 4 ದಿನ. ಒಟ್ಟು 14 ದಿನ! ಪ್ರತಿದಿನ ಕಸರತ್ತು ಮಾಡುವ ಇಪ್ಪತ್ತೈದರ ಜವಾನನಿಗೇ ಇಷ್ಟು ದಿನ ಬೇಕಾದರೆ ಕಂಪ್ಯೂಟರ್ ಮುಂದೆ ಕೂತು ದುಡಿಯುವ ನಮಗೆ?

ಹಿಮನದಿ ಎಂದಾಗ ನಮಗೆ ನೆನಪಾಗುವ ಹೆಸರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆಯ ಬೆಟದೂರಿನವರು, ಸೇವೆ ಮಾಡಿದ್ದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನಲ್ಲಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು 10 ಸೈನಿಕರು ಹೂತುಹೋದರು. ಆರನೇ ದಿನ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಇಡೀ ದೇಶ ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ತರಬೇತಿ, ಸಲಕರಣೆ, ಅನುಭವ ಎಲ್ಲ ಇದ್ದವರ ಮೇಲೂ ಹಿಮ ಹೀಗೆ ಎರಗಬಲ್ಲದು. ಅವರದು ಕರ್ತವ್ಯ, ಹಿಂದಿರುಗುವ ಆಯ್ಕೆ ಇರಲಿಲ್ಲ. ನಮ್ಮದು ಪ್ರವಾಸ, ಆ ಆಯ್ಕೆ ನಮಗೆ ಯಾವಾಗಲೂ ಇದೆ. ಅದನ್ನು ಬಳಸಿಕೊಳ್ಳಲು ನಾಚಿಕೆ ಬೇಡ.

ದೇಹ ಕೊಡುವ ಎಚ್ಚರಿಕೆ

ಎತ್ತರಕ್ಕೆ ಹೋದ ಮೊದಲ ದಿನವೇ ತಲೆನೋವು ಬಂದು, ಜೊತೆಗೆ ಹೊಟ್ಟೆ ತೊಳಸುವುದು, ಊಟ ಬೇಡವಾಗುವುದು, ತಲೆಸುತ್ತು, ಸುಸ್ತು ಕಾಣಿಸಿದರೆ ಅದು ಎತ್ತರದ ಕಾಯಿಲೆಯ ಮೊದಲ ಹಂತ. "ಬಿಸಿಲು ಜಾಸ್ತಿ ಆಯ್ತು", "ನಿದ್ದೆ ಸಾಲಲಿಲ್ಲ" ಎಂದು ತಳ್ಳಿಹಾಕಬೇಡಿ. ಅಲ್ಲೇ ನಿಲ್ಲಿ, ವಿಶ್ರಾಂತಿ ತೆಗೆದುಕೊಳ್ಳಿ. ಸರಿಹೋಗುವವರೆಗೆ ಒಂದು ಹೆಜ್ಜೆಯೂ ಮೇಲೆ ಹೋಗಬೇಡಿ.

ಇನ್ನೆರಡು ಲಕ್ಷಣಗಳು ಪ್ರಾಣಾಪಾಯದವು. ಸುಮ್ಮನೆ ಕೂತಿದ್ದರೂ ಏದುಸಿರು, ಬಿಡದ ಕೆಮ್ಮು, ನೊರೆ ಕಫ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಮಾತು ತೊದಲುವುದು, ಗಲಿಬಿಲಿ, ತೂರಾಡುವ ನಡಿಗೆ ಇದ್ದರೆ ಮಿದುಳು ಊದಿಕೊಳ್ಳುತ್ತಿದೆ. ಅನುಮಾನ ಬಂದರೆ ಒಂದು ಹಿಮ್ಮಡಿಯ ತುದಿಗೆ ಇನ್ನೊಂದು ಹೆಬ್ಬೆರಳು ತಾಗುವಂತೆ ನೇರ ಗೆರೆಯಲ್ಲಿ ನಡೆಸಿ ನೋಡಿ. ನಡೆಯಲಾಗದಿದ್ದರೆ ತಡ ಮಾಡಬೇಡಿ. ಮದ್ದು ಒಂದೇ: ಕೆಳಗಿಳಿಸುವುದು. ರಾತ್ರಿಯಾಗಲಿ, ಬೆಳಗಾಗಲಿ, ಜೊತೆಗೊಬ್ಬರು ಇದ್ದು ತಕ್ಷಣ ಇಳಿಸಬೇಕು. ಆಮ್ಲಜನಕ ಇದ್ದರೆ ಕೊಡಿ, ಆದರೆ ಇಳಿಯುವುದನ್ನು ಮುಂದೂಡಬೇಡಿ.

ಡಯಾಮಾಕ್ಸ್ ಎಂಬ ಮಾತ್ರೆಯ ಹೆಸರು ಕೇಳಿರುತ್ತೀರಿ. ಅದು ಹೊಂದಿಕೊಳ್ಳುವಿಕೆಗೆ ನೆರವಾಗುತ್ತದೆ, ನಿಜ. ಆದರೆ ಸಲ್ಫಾ ಔಷಧ ಒಗ್ಗದವರಿಗೆ ತೊಂದರೆಯಾಗಬಹುದು. ಚೆನ್ನೈ ಬಿಡುವ ಮುನ್ನವೇ ನಿಮ್ಮ ವೈದ್ಯರನ್ನು ಕೇಳಿ. ಬಿಪಿ, ಹೃದಯದ ತೊಂದರೆ, ಆಸ್ತಮಾ, ಸಕ್ಕರೆ ಕಾಯಿಲೆ ಇದ್ದವರಂತೂ ಕೇಳದೆ ಹೊರಡಬಾರದು. ಮೊದಲ ದಿನಗಳಲ್ಲಿ ಮದ್ಯ ಮತ್ತು ನಿದ್ದೆ ಮಾತ್ರೆ ಬೇಡವೇ ಬೇಡ.

ಗೋಮುಖಕ್ಕೆ ಒಂದು ನಿಧಾನದ ದಾರಿ

ಉದಾಹರಣೆಗೆ ಗಂಗೋತ್ರಿ ಹಿಮನದಿಯ ಬಾಯಿ ಗೋಮುಖವನ್ನೇ ತೆಗೆದುಕೊಳ್ಳಿ. ಹಿಮನದಿಯ ಉದ್ದ ಸುಮಾರು 30 ಕಿಲೋಮೀಟರ್. ಸೆಂಟ್ರಲ್‌ನಲ್ಲಿ ರೈಲು ಹತ್ತಿ ದೆಹಲಿ, ಅಲ್ಲಿಂದ ಹೃಷಿಕೇಶ. ಹೃಷಿಕೇಶದಿಂದ ಒಂದೇ ಹಗಲಲ್ಲಿ ಗಂಗೋತ್ರಿ ಸೇರಿಸುತ್ತೇವೆ ಎನ್ನುವ ಟ್ಯಾಕ್ಸಿಯವರಿದ್ದಾರೆ. ಹಾಗೆ ಮಾಡಬೇಡಿ. ಮೊದಲ ರಾತ್ರಿ ಉತ್ತರಕಾಶಿ, ಎತ್ತರ 1,150 ಮೀಟರ್. ಮುಂದಿನ ರಾತ್ರಿ ಹರ್ಸಿಲ್, ಸುಮಾರು 2,600 ಮೀಟರ್. ಆಮೇಲೆ 3,100 ಮೀಟರಿನ ಗಂಗೋತ್ರಿಯಲ್ಲಿ ಎರಡು ರಾತ್ರಿ. ಅಲ್ಲಿಂದ ನಡಿಗೆ ಶುರು. ಸುಮಾರು 3,800 ಮೀಟರಿನ ಭೋಜವಾಸದಲ್ಲಿ ತಂಗಿ, ಮರುದಿನ ಗೋಮುಖ ನೋಡಿ ವಾಪಸ್. ಒಟ್ಟು ನಡಿಗೆ ಒಂದು ಕಡೆಗೆ 18 ಕಿಲೋಮೀಟರ್. ಇದು ರಾಷ್ಟ್ರೀಯ ಉದ್ಯಾನದ ಒಳಗಿರುವುದರಿಂದ ಪರವಾನಗಿ ಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂಬುದು ವೈದ್ಯರ ಸೂತ್ರ. ಎಷ್ಟು ಹತ್ತಿದಿರಿ ಎನ್ನುವುದಕ್ಕಿಂತ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. ಗಂಗೋತ್ರಿಯಿಂದ ಭೋಜವಾಸಕ್ಕೆ ಏರಿಕೆ ಈ ಸೂತ್ರವನ್ನು ಸ್ವಲ್ಪ ಮೀರುತ್ತದೆ. ಗಂಗೋತ್ರಿಯಲ್ಲಿ ಎರಡು ರಾತ್ರಿ ಬೇಕೆಂದದ್ದು ಅದಕ್ಕೇ.

ಗೋಮುಖದಲ್ಲಿ ಬಾಯಿಯ ಹತ್ತಿರ ಹೋಗಿ ತೀರ್ಥ ತುಂಬಿಸುವ ಆಸೆ ಎಲ್ಲರಿಗೂ. ಆದರೆ ಮೇಲಿಂದ ಮಂಜುಗಡ್ಡೆಯ ತುಂಡುಗಳು ಹೇಳದೆ ಕೇಳದೆ ಉದುರುತ್ತವೆ. ದೂರದಿಂದಲೇ ಕೈಮುಗಿಯಿರಿ. ಹಿಮನದಿಯ ಮೇಲೆ ಹೊಸ ಹಿಮದಡಿ ಆಳವಾದ ಬಿರುಕುಗಳು ಮುಚ್ಚಿಹೋಗಿರುತ್ತವೆ, ಹಗ್ಗ ಮತ್ತು ಅನುಭವಿ ಗೈಡ್ ಇಲ್ಲದೆ ಕಾಲಿಡಬೇಡಿ. ಬಿಸಿಲೇರಿದಂತೆ ಹಿಮ ಕರಗಿ ಹಳ್ಳಗಳು ಉಬ್ಬುತ್ತವೆ. ಬೆಳಗ್ಗೆ ಮೊಣಕಾಲುದ್ದ ಇದ್ದ ನೀರು ಮಧ್ಯಾಹ್ನ ಸೊಂಟಕ್ಕೆ ಬರಬಹುದು. ದಾಟುವುದಿದ್ದರೆ ಮುಂಜಾನೆಯೇ ದಾಟಿ.

ಜುಲೈ, ಆಗಸ್ಟ್ ಮಳೆಗಾಲ ಬೇಡ. ಹರ್ಸಿಲ್ ಪಕ್ಕದ ಧರಾಲಿ ಹಳ್ಳಿಯನ್ನು 2025ರ ಆಗಸ್ಟ್ 5ರಂದು ದಿಢೀರ್ ಪ್ರವಾಹ ಕೆಸರಿನಲ್ಲಿ ಹೂತುಹಾಕಿದ್ದನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಮೇ, ಜೂನ್ ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯದು. ಆಗಲೂ ಬಿರುಗಾಳಿ ಬರಬಹುದು. ಸಹಸ್ರ ತಾಲ್ ದುರಂತ ನಡೆದದ್ದು ಜೂನ್‌ನಲ್ಲೇ ಎಂಬುದು ನೆನಪಿರಲಿ.

ಚೆನ್ನೈನಲ್ಲೇ ಮಾಡಬಹುದಾದದ್ದು

ಬೆಟ್ಟವಿಲ್ಲದ ಊರಲ್ಲಿ ಅಭ್ಯಾಸ ಹೇಗೆ? ಮೂರು ತಿಂಗಳು ಮೊದಲೇ ಶುರು ಮಾಡಿ. ಬೆಸೆಂಟ್ ನಗರದ ಮರಳಿನಲ್ಲಿ ಬೆಳಗಿನ ನಡಿಗೆ, ಅಪಾರ್ಟ್‌ಮೆಂಟಿನ ಲಿಫ್ಟ್ ಬಿಟ್ಟು ಮೆಟ್ಟಿಲು, ಭಾನುವಾರ ಪರಂಗಿಮಲೆ, ಬಿಡುವಿದ್ದರೆ ತಿರುವಣ್ಣಾಮಲೆಯ 14 ಕಿಲೋಮೀಟರ್ ಗಿರಿಪ್ರದಕ್ಷಿಣೆ. ಕಾಲು ಗಟ್ಟಿಯಾದರೆ ದಣಿವು ಕಡಿಮೆ. ಆದರೆ ಎತ್ತರದ ಕಾಯಿಲೆ ಬರುವುದೇ ಇಲ್ಲ ಎಂದುಕೊಳ್ಳಬೇಡಿ. ಬೇಗ ಬೇಗ ಹತ್ತುವ ಗಟ್ಟಿ ಆಳುಗಳೇ ಎಷ್ಟೋ ಸಲ ಮೊದಲು ಬೀಳುತ್ತಾರೆ.

ನಮ್ಮ ನೆಚ್ಚಿನ ಹತ್ತಿ ಬಟ್ಟೆ ಅಲ್ಲಿ ಶತ್ರು. ಬೆವರಿನಿಂದ ಒದ್ದೆಯಾದರೆ ಒಣಗುವುದಿಲ್ಲ, ಮೈ ಶಾಖವನ್ನೆಲ್ಲ ಹೀರಿಬಿಡುತ್ತದೆ. ಮೇಲೇರಿದಂತೆ ಪ್ರತಿ 1,000 ಮೀಟರಿಗೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಗಾಳಿ ಬೀಸಿದರೆ ಚಳಿ ಇನ್ನೂ ಜಾಸ್ತಿ. ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆಯ ಒಳಪದರ, ಬೆಚ್ಚನೆಯ ನಡುಪದರ, ಗಾಳಿ ಮಳೆ ತಡೆಯುವ ಹೊರಪದರ, ಇವು ಮೂರು ಇರಲಿ. ರಂಗನಾಥನ್ ಬೀದಿಯಲ್ಲಿ ಸ್ವೆಟರ್ ಹುಡುಕುವುದೇ ಒಂದು ಸಾಹಸ, ಮೊದಲೇ ಹೊಂದಿಸಿಕೊಳ್ಳಿ! ಎತ್ತರದಲ್ಲಿ ಹಸಿವು ಸಾಯುತ್ತದೆ. ಮನೆಯ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಆಗ ಔಷಧಿಯಷ್ಟೇ ಉಪಕಾರಿ.

ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ಒಯ್ಯುವುದು ಕಾನೂನಿಗೆ ವಿರುದ್ಧ. ವಿಮೆ ಮಾಡಿಸುವಾಗ ಎತ್ತರದ ಚಾರಣ ಮತ್ತು ಹೆಲಿಕಾಪ್ಟರ್ ರಕ್ಷಣೆ ಸೇರಿವೆಯೇ ಎಂದು ಓದಿ ನೋಡಿ.

ದುಡ್ಡು ಕಟ್ಟುವ ಮುನ್ನ ಕೇಳಿ

1. ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ?
2. ಹವಾಮಾನ ಕೆಟ್ಟರೆ ಕಾಯಲು ಹೆಚ್ಚುವರಿ ದಿನ ಇದೆಯೇ?
3. ತುದಿ ದಿನ ಎಷ್ಟು ಗಂಟೆಗೆ ತಲುಪದಿದ್ದರೂ ಹಿಂದಿರುಗುತ್ತೀರಿ?
4. ಆಮ್ಲಜನಕ, ಪ್ರಥಮ ಚಿಕಿತ್ಸೆ, ಕಾಯಿಲೆ ಬಿದ್ದವರನ್ನು ಇಳಿಸುವ ಏರ್ಪಾಡು ಏನು?
5. ಎಷ್ಟು ಜನಕ್ಕೆ ಒಬ್ಬ ಗೈಡ್? ತರಬೇತಿ ಎಲ್ಲಿ ಆಗಿದೆ?

ಉತ್ತರ ಕೊಡಲು ತಡವರಿಸಿದರೆ ಬೇರೆಯವರನ್ನು ಹುಡುಕಿ. ಗಂಭೀರವಾಗಿ ಕಲಿಯುವ ಆಸೆ ಇದ್ದರೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಗಳು ತರಬೇತಿ ಕೊಡುತ್ತವೆ.

ರಜೆ ಚೀಟಿ ಬರೆಯುವಾಗ ಎರಡು ದಿನ ಹೆಚ್ಚಿಗೇ ಬರೆಯಿರಿ. ಆ ಎರಡು ದಿನ ಬಳಕೆಯಾಗದೆ ಉಳಿದರೆ ಗಂಗೆಯ ದಡದಲ್ಲಿ ಕೂತು ಬನ್ನಿ, ನಷ್ಟವೇನಿಲ್ಲ. ಹೋಗಿ ಬಂದವರು ನಿಮ್ಮ ಅನುಭವವನ್ನು ನಮಗೆ ಬರೆದು ಕಳಿಸಿ, ಬೇರೆ ಕೇಳುಗರಿಗೂ ದಾರಿಯಾದೀತು. ಹೊರಟವರಿಗೆ ಶುಭ ಪ್ರಯಾಣ!